ಮಾರ್ಜಿನ್

ಸಾಲಿಯೊಳಗ ನಮಗ ಕಲಿಸಿದ್ದು ಇಷ್ಟೇ:
ಹಾಳಿಯ ಎಡಕ್ಕ ಕೆಂಪು ಗೆರಿ ಹೊಡಿ,
ಅದರಾಚಿ ಏನೂ ಬರೀಬ್ಯಾಡ.
ಅದಕ್ಕ ಮಾರ್ಜಿನ್ ಅಂತಾರ.

ಮೂವತ್ತೊಂದು ವರ್ಷಕ್ಕ ಮತ್ತ ಆ ಶಬ್ದ ಬಂತು
ಜೀಪಿನಾಗ ಕುಂತು, ಭಾಲ್ಕಿ ಕಡಿಂದ,
ಬೆಳಗಿನ ಹಾಲು ಅಳದು ಮುಗಿಯೋದರಾಗ.
ಸಾಹೇಬ್ರು ಎಳಿ ಹುಡುಗ, ಮೀಸಿ ಹೊಸಾದು.
ಡೇರಿ ಗ್ವಾಡಿಗಿ ಬೋರ್ಡು ಆನಿಸಿ
ಸುಣ್ಣದ ಕಡ್ಡಿಲಿಂದ ಬರದ್ರು:
ಹಾಲಿನ ದರದಾಗ ಹಿಂಡಿ ದರ ಕಳೀರಿ,
ಉಳದದ್ದು ಮಾರ್ಜಿನ್.
ಅದು ಇಷ್ಟಕ್ಕಿಂತ ಕೆಳಗ ಇಳದ್ರ
ಸರ್ಕಾರ ತುಂಬಿ ಕೊಡ್ತದ.
ಇಳೀಲಿಲ್ಲಂದ್ರ ವಿಮಾ ಕಂತು ಹೋತು, ಅಷ್ಟೇ.

ಖಾಜಾಬಿ ಕೇಳಿದಳು, ಸೆರಗ ಹಲ್ಲಾಗ ಹಿಡದು:
‘ಹಿಂಡಿ ಅಂದ್ರ ಯಾವ ಹಿಂಡಿ, ಸಾಬ್?
ಹತ್ತಿಕಾಳಿಂದೋ, ಕುಸುಬಿದೋ?
ಉದಗೀರಿನ ಪ್ಯಾಟಿ ರೇಟೋ,
ನಮ್ಮ ಮಾಣಿಕಪ್ಪನ ಅಂಗಡಿ ಉದ್ರಿ ರೇಟೋ?’

ಸಾಹೇಬ್ರು ಕಾಗದ ತಿರುವ್ಯಾಡಿದರು.
‘ರಾಜ್ಯದ ಸರಾಸರಿ,’ ಅಂದ್ರು.

ಸರಾಸರಿ.
ಆ ಹೆಸರಿನ ಎಮ್ಮಿ ನಮ್ಮ ಓಣ್ಯಾಗ
ಯಾರ ದನದ ಮನ್ಯಾಗೂ ಇಲ್ಲ.
ತುಕ್ಕಮ್ಮನ ಎಮ್ಮಿ ಹೊತ್ತಿಗಿ ಐದು ಲೀಟರ ಕೊಡ್ತದ, ಒದೀತದ.
ವೈಜಿನಾಥನ ದೇವಣಿ ಆಕಳಿಂದು ಎರಡೇ ಲೀಟರ,
ಖರೆ ಅದರ ಕಣ್ಣು ನೋಡಿದ್ರ
ಬೈಲಾಕ ಬಾಯಿ ಬರಲ್ಲ.

‘ಇನ್ನೊಂದು ಮಾತದ,’ ಅಂದ್ರು ಸಾಹೇಬ್ರು,
ಈ ಸಲ ಬೋರ್ಡಿನ ಕಡಿ ಮುಖ ಮಾಡಿ.
‘ಹಾಲು ಹೆಚ್ಚಾಗ್ಯದ. ಪುಡಿ ಚೀಲ
ಗೋದಾಮ ತುಂಬ ಕುಂತಾವ.
ಅದಕ್ಕ ಒಬ್ಬೊಬ್ಬರಿಗಿ ಒಂದು ಮಟ್ಟ ಹಚ್ಚೀವಿ.
ಮಟ್ಟದ ತನಕ ಪೂರಾ ದರ, ಮ್ಯಾಲಿಂದಕ್ಕ ಅರ್ಧ.’

ತುಕ್ಕಮ್ಮ ಹಿಂದಿನ ಸಾಲಿನಿಂದ:
‘ಹ್ವಾದ ವರ್ಷ ನೀವೇ ಬಂದಿದ್ರಿ,
ಇನ್ನೊಂದು ಎಮ್ಮಿ ಕಟ್ಟು, ಸಬ್ಸಿಡಿ ಅದ ಅಂತ.
ಕಟ್ಟೀನಿ.
ಈಗ ಅದರ ಕಿವ್ಯಾಗ ಯಾರು ಹೇಳಬೇಕು,
ಎರಡು ಮೊಲಿ ಮುಚ್ಚವ್ವಾ ಅಂತ?’

ಎಲ್ಲಾರೂ ನಕ್ಕರು. ಸಾಹೇಬ್ರೂ ನಕ್ಕರು,
ಆಮ್ಯಾಲ ಕುಡೀಲಾಕ ನೀರು ಕೇಳಿದ್ರು.
ಹಾಲೇ ಕೊಟ್ಟೆವು.
ಅದು ಯಾವ ಮಟ್ಟಕ್ಕ ಹತ್ತಿತೋ.

ನಾ ಸೆಕ್ರೆಟರಿ. ನನಗ ಎರಡೂ ಕಡಿ ತಿಳೀತದ,
ಅದೇ ನನ್ನ ತ್ರಾಸು.
ಆ ಹುಡುಗನ ಲೆಕ್ಕ ಸುಳ್ಳಲ್ಲ.
ಒಂದು ವರ್ಷ ಟ್ಯಾಂಕರ್ ಬರಲೇ ಇಲ್ಲ, ನಾ ನೋಡೀನಿ,
ನಲವತ್ತು ಲೀಟರಿನ ಕ್ಯಾನು ಬಿಸಲಾಗ ನಿಂತು
ಅತ್ತ ಮೊಸರಲ್ಲ, ಇತ್ತ ಹಾಲಲ್ಲ,
ನಾಯಿ ಸೈತ ಮೂಸಿ ಹ್ವಾದದ್ದು.
ಮಟ್ಟ ಬೇಕು. ಒಪ್ಪತೀನಿ.
ವಿಮಾ ಬೇಕು. ಅದೂ ಒಪ್ಪತೀನಿ.

ಖರೆ ಹಿಂಡಿದ್ದರಾಗ ಹಿಂಡಿ ಕಳದ್ರ
ಉಳಿಯೋದು ಬರೇ ರೊಕ್ಕ ಏನು?
ನಸಿಕಿನ ನಾಲ್ಕರ ಚಳಿ ಉಳೀತದ.
ಖಾಜಾಬಿಯ ಬಲಗೈ ಹೆಬ್ಬಟ್ಟು ಉಳೀತದ,
ಹಿಂಡಿ ಹಿಂಡಿ ಒಳಕ್ಕ ಬಾಗಿದ್ದು.
ಅರ್ಜಿ ಮ್ಯಾಲ ಅದನ್ನೇ ಒತ್ತಿದಳು.
ಶಾಯಿ ಅರ್ಧಕ್ಕೇ ಹತ್ತಿತು.

ಸಂಜಿಗಿ ತುಕ್ಕಮ್ಮ ಬಂದಳು.
ಅವಳ ಮಟ್ಟ ಹೊತ್ತಿಗಿ ಆರೂವರಿ.
ಅಳದೆ. ಆರೂವರಿ.
ಒಂದು ಹನಿ ಹೆಚ್ಚಿಲ್ಲ, ಕಮ್ಮಿ ಇಲ್ಲ.
‘ಉಳದದ್ದು?’ ಅಂದೆ.
ಬಾ ಅಂದಳು.

ಹೊಸ ಎಮ್ಮಿ ಹೊಟ್ಟಿ ಕೆಳಗ
ಕೋಣಗರ ಮಣಕಾಲೂರಿ ನಿಂತಿತ್ತು,
ಯಾರೂ ಲೆಕ್ಕಕ್ಕ ಹಿಡೀದ ಗಂಡುಗರ.
ಒಂದು ಮೊಲಿ ಚೀಪಿಸಿ ಹಗ್ಗ ಎಳದು ಕಟ್ಟೋದೇ
ಇಷ್ಟು ದಿನ ಅದಕ್ಕ ಗೊತ್ತಿದ್ದದ್ದು.
ಈಗ ಹಗ್ಗ ನೆಲದ ಮ್ಯಾಲ,
ಮಾರಿ ತುಂಬ ನೊರಿ,
ಬಾಲ ಎಡಕ್ಕೊಮ್ಮೆ ಬಲಕ್ಕೊಮ್ಮೆ.
‘ಎಲುಬು ಎಣಸಬಹುದಿತ್ತು,’ ಅಂದಳು ತುಕ್ಕಮ್ಮ,
ಮತ್ತೇನೂ ಅನಲಿಲ್ಲ.

ಡೇರಿಗಿ ತಿರುಗಿ ಬಂದು ದೀಪ ಹಚ್ಚಿ
ಅವಳ ಹೆಸರಿನ ಹಾಳಿ ತಗದೆ.
ಹಾಕಿದ್ದು ಆರೂವರಿ. ಫ್ಯಾಟ್ ಆರು ಪಾಯಿಂಟ್ ಎಂಟು.
ಆಮ್ಯಾಲ ಕೆಂಪು ಗೆರಿ ಆಚಿ,
ಹುಟ್ಟಿದಾಗಿಂದ ಮೊದಲನೇ ಸಲ,
ಬರದೆ:
ಕರ ಕುಡೀತು, ಸುಮಾರು ಎರಡು ಲೀಟರ.

ಬೀದರಿನ ಆಡಿಟರ್ ಕೇಳ್ತಾನ.
ಕೇಳಲಿ.